ಟೆಸ್ಟ್ ಬಿದ್ದ ಸಾಲು ಯಾವುದು? ಪರ್ಲ್‌ನಲ್ಲಿ ನಾನು ಬರೆದುಕೊಂಡ ಟೆಸ್ಟ್ ಮಾಡ್ಯೂಲ್

ಏಳು ಸಾಲಿನ ಒಂದೇ ಕೋಡ್ ನಲವತ್ತಕ್ಕೂ ಹೆಚ್ಚು ಟೆಸ್ಟ್ ಫೈಲುಗಳಲ್ಲಿ ಕೂತಿತ್ತು. ಹಳೆಯ ಸಿಸ್ಟಮ್ಮಿನ ರೆಕಾರ್ಡುಗಳನ್ನು ಹೊಸ ರೂಪಕ್ಕೆ ಬದಲಾಯಿಸುವ ಪರ್ಲ್ ಪ್ರೋಗ್ರಾಮುಗಳ ಕೆಲಸ ಆಗ ನನ್ನದು. ದಿನಾಂಕ ಸರಿಯಿದೆಯೇ, ಮೊತ್ತದಲ್ಲಿ ದಶಮಾಂಶ ಎರಡೇ ಇದೆಯೇ, ಕಡ್ಡಾಯದ ಕಾಲಂ ಖಾಲಿ ಬಿದ್ದಿದೆಯೇ ಎಂದು ಪ್ರತಿ ಟೆಸ್ಟಿನಲ್ಲೂ ನೋಡಬೇಕಿತ್ತು. ಮೊದಲ ಫೈಲಿನಲ್ಲಿ ಬರೆದದ್ದನ್ನು ಎರಡನೆಯದಕ್ಕೆ ಕಾಪಿ ಮಾಡಿದೆ, ಅಲ್ಲಿಂದ ಮೂರನೆಯದಕ್ಕೆ, ಹೀಗೇ ನಡೆಯಿತು. ಒಂದು ದಿನ ದಿನಾಂಕದ ನಮೂನೆ ಬದಲಾಯಿತು. ಅರ್ಧ ದಿನ ಕೂತು ತಿದ್ದಿದರೂ ಮೂರು ಫೈಲು ಕೈತಪ್ಪಿಹೋದವು. ಅವುಗಳಲ್ಲಿ ವೇರಿಯಬಲ್ಲಿನ ಹೆಸರನ್ನು ಯಾವಾಗಲೋ ನಾನೇ ಬದಲಿಸಿದ್ದೆ, ಹಾಗಾಗಿ ಹುಡುಕಿದರೆ ಸಿಗುತ್ತಿರಲಿಲ್ಲ.

ಎಲ್ಲವನ್ನೂ ಒಂದು ಮಾಡ್ಯೂಲಿಗೆ ಎತ್ತಿಡೋಣ ಎಂದು ಹೊರಟೆ. ಒಂದು ಗಂಟೆಯ ಕೆಲಸ ಅಂದುಕೊಂಡಿದ್ದೆ.

ಪರ್ಲ್ ಟೆಸ್ಟುಗಳು ಫಲಿತಾಂಶ ಹೇಳುವ ರೀತಿ ಬಹಳ ಸರಳ. ಮೊದಲು ಎಷ್ಟು ಟೆಸ್ಟು ಎಂಬ ಯೋಜನೆ, ಆಮೇಲೆ ಒಂದೊಂದು ಟೆಸ್ಟಿಗೂ ‘ಓಕೆ’ ಅಥವಾ ‘ನಾಟ್ ಓಕೆ’, ಅದರ ಪಕ್ಕ ಕ್ರಮಸಂಖ್ಯೆ. 1987ರಲ್ಲಿ ಲ್ಯಾರಿ ವಾಲ್ ಹೊರತಂದ ಮೊದಲ ಪರ್ಲ್‌ನ ಟೆಸ್ಟುಗಳೂ ಹೀಗೇ ಬರೆಯುತ್ತಿದ್ದವು. ಅದಕ್ಕೇ ಮುಂದೆ ಟ್ಯಾಪ್ (ಟೆಸ್ಟ್ ಎನಿಥಿಂಗ್ ಪ್ರೋಟೋಕಾಲ್) ಎಂಬ ಹೆಸರು ಬಂತು. ಇಷ್ಟು ಸರಳವಾಗಿದೆಯಲ್ಲ ಎಂಬ ಧೈರ್ಯದಲ್ಲಿ ನನ್ನ ಮಾಡ್ಯೂಲಿನಿಂದಲೇ ನೇರವಾಗಿ ‘ಓಕೆ’ ಎಂದು ಪ್ರಿಂಟ್ ಮಾಡಿಸಿದೆ, ಎಣಿಕೆಯನ್ನೂ ನಾನೇ ಇಟ್ಟುಕೊಂಡೆ. ಆದರೆ ಅದೇ ಫೈಲಿನಲ್ಲಿದ್ದ, ಪರ್ಲ್ ಜೊತೆಗೇ ಬರುವ ಟೆಸ್ಟ್ ಮಾಡ್ಯೂಲ್ ಟೆಸ್ಟ್::ಮೋರ್ ತನ್ನದೇ ಎಣಿಕೆ ಇಟ್ಟುಕೊಂಡಿತ್ತು. ಆರನೆಯ ಟೆಸ್ಟ್ ಬರಬೇಕಾದ ಜಾಗದಲ್ಲಿ ನನ್ನದು ಮತ್ತೆ ಒಂದು ಎಂದಿತು. ಕ್ರಮ ತಪ್ಪಿದೆ ಎಂದು, ಟೆಸ್ಟುಗಳನ್ನು ಓಡಿಸಿ ಫಲಿತಾಂಶ ಓದುವ ಪ್ರೂವ್ ಇಡೀ ಫೈಲನ್ನೇ ಫೇಲ್ ಮಾಡಿತು.

ಇದಕ್ಕೆ ಪರಿಹಾರ ಮೊದಲೇ ಪರ್ಲ್ ಜೊತೆ ಬಂದಿತ್ತು, ನಾನು ನೋಡಿರಲಿಲ್ಲ ಅಷ್ಟೆ. ಟೆಸ್ಟ್::ಮೋರ್‌ನ ಅಡಿಯಲ್ಲಿ ಟೆಸ್ಟ್::ಬಿಲ್ಡರ್ ಎಂಬ ಪದರವಿದೆ. ಇದರ ಹೊಸ ಆಬ್ಜೆಕ್ಟ್ ಬೇಕೆಂದು ಯಾರು ಎಷ್ಟು ಸಲ ಕೇಳಿದರೂ ಕೊಡುವುದು ಒಂದನ್ನೇ. ಎಣಿಕೆ, ಯೋಜನೆ, ಔಟ್‌ಪುಟ್ ಎಲ್ಲ ಅದರ ಕೈಯಲ್ಲಿ. ಬೇರೆ ಬೇರೆಯವರು ಬರೆದ ಹತ್ತು ಟೆಸ್ಟ್ ಮಾಡ್ಯೂಲುಗಳು ಒಂದೇ ಫೈಲಿನಲ್ಲಿ ಜಗಳವಿಲ್ಲದೆ ಇರುವುದು ಇದರಿಂದಲೇ. ಟೆಸ್ಟ್::ಬಿಲ್ಡರ್::ಮಾಡ್ಯೂಲ್ ಅನ್ನು ಪೇರೆಂಟ್ ಮಾಡಿಕೊಂಡರೆ ಎಕ್ಸ್‌ಪೋರ್ಟಿನ ವ್ಯವಸ್ಥೆಯೂ ಸಿಗುತ್ತದೆ. ನನ್ನ ಎಣಿಕೆಯನ್ನೆಲ್ಲ ಅಳಿಸಿ, ಬಿಲ್ಡರಿನ ಓಕೆ ಮೆಥಡ್ ಕರೆದೆ. ಎಲ್ಲ ಹಸಿರಾಯಿತು.

ನಿಜವಾದ ತೊಂದರೆ ಶುರುವಾದದ್ದು ಟೆಸ್ಟ್ ಮೊದಲ ಸಲ ಬಿದ್ದಾಗ. ನನ್ನ ರೆಕಾರ್ಡ್_ಓಕೆ ಫಂಕ್ಷನ್ ಒಳಗೊಳಗೇ ಡೇಟ್_ಓಕೆಯನ್ನು ಕರೆಯುತ್ತಿತ್ತು. ದಿನಾಂಕ ತಪ್ಪಿದಾಗ ಬಂದ ಸಂದೇಶದಲ್ಲಿ ನನ್ನ ಮಾಡ್ಯೂಲಿನ 58ನೇ ಸಾಲು ಎಂದಿತ್ತು. ಯಾವ ಟೆಸ್ಟ್ ಬಿದ್ದರೂ 58ನೇ ಸಾಲೇ. ಅಲ್ಲಿ ಹೋಗಿ ನೋಡಿದರೆ ಇರುವುದು ಡೇಟ್_ಓಕೆಯನ್ನು ಕರೆಯುವ ಒಂದು ಸಾಲು. ಅದರಲ್ಲಿ ತಪ್ಪೇನೂ ಇಲ್ಲ. ಮುನ್ನೂರು ಸಾಲಿನ ಟೆಸ್ಟ್ ಫೈಲಿನಲ್ಲಿ ಯಾವ ರೆಕಾರ್ಡ್ ಕೈಕೊಟ್ಟಿತು ಎಂದು ತಿಳಿಯಲು ಮತ್ತೆ ಕಣ್ಣಾಡಿಸಬೇಕು. ಕಾಪಿ ಮಾಡಿದ ಕೋಡ್ ಕೊಳಕಾಗಿತ್ತು ನಿಜ, ಆದರೆ ಬಿದ್ದಾಗ ಸರಿಯಾದ ಸಾಲನ್ನಾದರೂ ತೋರಿಸುತ್ತಿತ್ತು!

ಟೆಸ್ಟ್::ಬಿಲ್ಡರಿನಲ್ಲಿ ಲೆವೆಲ್ ಎಂಬ ಒಂದು ವೇರಿಯಬಲ್ ಇದೆ. ಕರೆಗಳ ಮೆಟ್ಟಿಲಲ್ಲಿ ಎಷ್ಟು ಮೇಲೆ ಹತ್ತಿ ಸಾಲಿನ ಸಂಖ್ಯೆ ತರಬೇಕು ಎಂದು ಅದು ಹೇಳುತ್ತದೆ. ಅದರ ಬೆಲೆ ಮೊದಲಿಗೆ 1. ನಮ್ಮ ಫಂಕ್ಷನ್ ತಾನೇ ಬಿಲ್ಡರನ್ನು ಕರೆದರೆ ಅಷ್ಟು ಸಾಕು, ಏನೂ ಮಾಡಬೇಕಿಲ್ಲ. ನಡುವೆ ಇನ್ನೊಂದು ಫಂಕ್ಷನ್ ಬಂದರೆ, ಅಥವಾ ಮಾಡ್ಯೂಲಿನ ಒಳಗೆ ಟೆಸ್ಟ್::ಮೋರ್‌ನ ಓಕೆಯನ್ನೇ ಬಳಸಿದರೆ, ಒಂದು ಕೂಡಿಸಬೇಕು. ಕೂಡಿಸಿದೆ. ಆದರೆ ಫಂಕ್ಷನ್ ಮುಗಿದೊಡನೆ ಹಳೆಯ ಬೆಲೆಯನ್ನು ತಾನೇ ಮರಳಿಸುವ ಲೋಕಲ್ ಎಂಬ ಪದ ಬರೆಯಲು ಮರೆತೆ. ಪ್ರತಿ ಕರೆಗೂ ಲೆವೆಲ್ ಒಂದೊಂದೇ ಏರುತ್ತ ಹೋಯಿತು, ಇಳಿಸುವವರಿಲ್ಲ. ತಮಾಷೆಯೆಂದರೆ ಬಹುಪಾಲು ಫೈಲುಗಳಲ್ಲಿ ಇದು ಗೊತ್ತೇ ಆಗಲಿಲ್ಲ. ಹತ್ತಲು ಮೆಟ್ಟಿಲು ಮುಗಿದರೆ ಬಿಲ್ಡರ್ ಕೊನೆಯ ಮೆಟ್ಟಿಲಲ್ಲೇ ನಿಲ್ಲುತ್ತದೆ. ಫೈಲಿನಿಂದ ನೇರವಾಗಿ ಕರೆದಿದ್ದರೆ ಸರಿಯಾದ ಸಾಲೇ ಅದು. ಟೆಸ್ಟ್ ಫೈಲಿನೊಳಗೆ ಯಾರಾದರೂ ತಮ್ಮದೇ ಸಬ್‌ರುಟೀನ್ ಬರೆದು ಅದರೊಳಗಿಂದ ಕರೆದಾಗ ಮಾತ್ರ ಒಂದು ಮೆಟ್ಟಿಲು ಮೇಲಿನ ಸಾಲು ತೋರಿಸುತ್ತಿತ್ತು, ಅದೂ ಎರಡನೆಯ ಕರೆಯಿಂದ. ಸಹೋದ್ಯೋಗಿಯೊಬ್ಬರು ‘ನಿಮ್ಮ ಮಾಡ್ಯೂಲ್ ಒಮ್ಮೊಮ್ಮೆ ಸುಳ್ಳು ಹೇಳುತ್ತೆ ಕಣ್ರೀ’ ಅಂದಾಗ ನಾನು ನಂಬಲಿಲ್ಲ. ಆ ‘ಒಮ್ಮೊಮ್ಮೆ’ಯನ್ನು ಹಿಡಿಯಲು ಎರಡು ದಿನ ಹೋಯಿತು.

ಅಷ್ಟು ಹೊತ್ತಿಗೆ ನನಗೆ ಒಂದು ವಿಷಯ ಗಟ್ಟಿಯಾಗಿತ್ತು. ಟೆಸ್ಟ್ ಮಾಡ್ಯೂಲ್ ಪಾಸಾಗುವಾಗ ಅದನ್ನು ಯಾರೂ ನೋಡುವುದಿಲ್ಲ. ಜನ ಅದನ್ನು ಓದುವುದು ಬಿದ್ದಾಗ, ಅದೂ ತಲೆಬಿಸಿಯಲ್ಲಿರುವಾಗ. ಹಾಗಾಗಿ ಬಿದ್ದಾಗ ಏನು ಹೇಳಬೇಕು ಎಂದು ಮೊದಲು ಬರೆದು, ಆಮೇಲೆ ಪರೀಕ್ಷೆಯ ಕೋಡ್ ಬರೆಯತೊಡಗಿದೆ. ಸಿಕ್ಕಿದ್ದೇನು, ಬೇಕಿದ್ದದ್ದೇನು, ಎಷ್ಟನೆಯ ರೆಕಾರ್ಡ್, ಯಾವ ಕಾಲಂ ಇಷ್ಟೂ ಡಯಾಗ್‌ನಲ್ಲಿ, ಅಂದರೆ ಬಿದ್ದಾಗ ಜೊತೆಗೆ ಬರುವ ವಿವರಣೆಯಲ್ಲಿ, ಬರಬೇಕು. ಸಾವಿರ ರೆಕಾರ್ಡ್ ತಪ್ಪಿದ್ದರೆ ಮೊದಲ ಐದು ಮಾತ್ರ ತೋರಿಸಿ ಉಳಿದವುಗಳ ಸಂಖ್ಯೆ ಹೇಳಿದರೆ ಸಾಕು. ಒಂದು ಕರೆಗೆ ಒಂದೇ ಫಲಿತಾಂಶ ಎಂಬ ನಿಯಮವನ್ನೂ ಹಾಕಿಕೊಂಡೆ. ಒಳಗೆ ನಾಲ್ಕು ಓಕೆ ಹೊಡೆದರೆ ಬಳಸುವವರ ಯೋಜನೆಯ ಲೆಕ್ಕ ಹಾಳಾಗುತ್ತದೆ. ಫಲಿತಾಂಶವನ್ನು ಹಿಂತಿರುಗಿಸುವುದನ್ನೂ ಮರೆಯಬಾರದು, ಕರೆದವರು ಅದರ ಮುಂದೆ ‘ಆರ್ ಡಯಾಗ್’ ಎಂದು ತಮ್ಮ ಮಾತನ್ನೂ ಸೇರಿಸಬಹುದು.

ಪರ್ಲ್‌ನದ್ದೇ ಒಂದು ಕಾಟವನ್ನು ಹೇಳಲೇಬೇಕು. ಎರಡು ದಿನಾಂಕ ಹೋಲಿಸುವ ಫಂಕ್ಷನ್ನಿಗೆ ಮೂರು ಆರ್ಗ್ಯುಮೆಂಟ್: ಸಿಕ್ಕಿದ್ದು, ಬೇಕಿದ್ದದ್ದು, ಟೆಸ್ಟಿನ ಹೆಸರು. ಒಮ್ಮೆ ಬಂದ ಸಂದೇಶದಲ್ಲಿ ‘ಬೇಕಿದ್ದದ್ದು’ ಎಂಬ ಕಡೆ ಟೆಸ್ಟಿನ ಹೆಸರೇ ಕೂತಿತ್ತು. ಮೊದಲ ಆರ್ಗ್ಯುಮೆಂಟ್ ಆಗಿದ್ದ ಮೆಥಡ್ ಬರಿಯ ರಿಟರ್ನ್ ಹೇಳಿ ಖಾಲಿ ಲಿಸ್ಟ್ ಕೊಟ್ಟಿತ್ತು. ಖಾಲಿ ಲಿಸ್ಟ್ ಜಾಗ ಹಿಡಿಯುವುದಿಲ್ಲವಲ್ಲ, ಉಳಿದವೆಲ್ಲ ಒಂದೊಂದು ಸ್ಥಾನ ಮುಂದೆ ಜರುಗಿದವು. ಟೆಸ್ಟ್::ಮೋರ್‌ನ ಈಸ್ ಫಂಕ್ಷನ್ನಿಗೆ ಪ್ರೊಟೊಟೈಪ್ (ಒಂದೊಂದು ಆರ್ಗ್ಯುಮೆಂಟೂ ಒಂದೇ ಬೆಲೆಯಾಗಿ ಬರುವಂತೆ ಮಾಡುವ ಘೋಷಣೆ) ಯಾಕಿದೆ ಎಂದು ಅವತ್ತು ಅರ್ಥವಾಯಿತು. ಸಾಮಾನ್ಯ ಕೋಡಿನಲ್ಲಿ ಪ್ರೊಟೊಟೈಪ್ ನನಗೆ ಇಷ್ಟವಿಲ್ಲ, ಟೆಸ್ಟ್ ಫಂಕ್ಷನ್ನುಗಳಲ್ಲಿ ಮಾತ್ರ ಹಾಕುತ್ತೇನೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಬೀಳದೇ ಇದ್ದ ಟೆಸ್ಟ್. ಎಲ್ಲ ರೆಕಾರ್ಡೂ ಸರಿಯಿದೆಯೇ ಎಂದು ನೋಡಲು ಲಿಸ್ಟ್::ಯುಟಿಲ್‌ನ ಆಲ್ ಬಳಸಿದ್ದೆ. ಒಂದು ದಿನ ಇನ್‌ಪುಟ್ ಫೈಲೇ ಖಾಲಿ ಬಂತು. ಖಾಲಿ ಲಿಸ್ಟಿನ ಮೇಲೆ ಆಲ್ ಯಾವಾಗಲೂ ನಿಜವೆನ್ನುತ್ತದೆ. ನನ್ನ ಟೆಸ್ಟ್ ಹಸಿರು ತೋರಿಸಿತು, ಮುಂದಿನ ಹಂತದಲ್ಲಿ ಶೂನ್ಯ ರೆಕಾರ್ಡುಗಳು ಶ್ರದ್ಧೆಯಿಂದ ಲೋಡ್ ಆದವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಆಮೇಲೆ ಟೆಸ್ಟ್ ಮಾಡ್ಯೂಲಿಗೂ ಟೆಸ್ಟ್ ಬರೆದೆ. ಬೇಕೆಂದೇ ಬೀಳಿಸಿದ ಟೆಸ್ಟಿನ ಔಟ್‌ಪುಟ್ಟನ್ನು ಪರೀಕ್ಷಿಸಲು ಟೆಸ್ಟ್::ಬಿಲ್ಡರ್::ಟೆಸ್ಟರ್ ಇದೆ. ಯಾವ ಸಂದೇಶ ಬರಬೇಕು ಎಂದು ಮೊದಲೇ ಹೇಳಿಟ್ಟು, ಆಮೇಲೆ ನಮ್ಮ ಫಂಕ್ಷನ್ನನ್ನು ಕೆಟ್ಟ ಡೇಟಾ ಕೊಟ್ಟು ಕರೆಯುವುದು. ಅದರ ಟೆಸ್ಟ್_ಫೇಲ್‌ಗೆ ‘ಮುಂದಿನ ಸಾಲಿನಲ್ಲಿ ಬೀಳುತ್ತದೆ’ ಎಂದೂ ಹೇಳಬಹುದು. ಸಾಲಿನ ಸಂಖ್ಯೆ ತಪ್ಪಿದರೆ ಹಿಡಿಯುತ್ತದೆ. ಲೋಕಲ್ ಮರೆತ ದಿನ ಇದು ಇದ್ದಿದ್ದರೆ, ಫಂಕ್ಷನ್ನನ್ನು ಸಬ್‌ರುಟೀನಿನ ಒಳಗಿಂದ ಎರಡು ಸಲ ಕರೆಯುವ ಹತ್ತು ಸಾಲು ಸಾಕಿತ್ತು. ಈಗ ಪ್ರತಿ ಫಂಕ್ಷನ್ನಿಗೂ ನಾಲ್ಕು ಕೇಸ್ ಬರೆಯುತ್ತೇನೆ: ಪಾಸ್, ಫೇಲ್, ಖಾಲಿ, ಅನ್‌ಡೆಫ್ (ಬೆಲೆಯೇ ಇಲ್ಲದ್ದು).

ನಡುವೆ ಒಂದು ದಡ್ಡತನವೂ ನಡೆಯಿತು. ಎಲ್ಲರಿಗೂ ಬೇಕಾಗಲಿ ಎಂದು ರೆಕಾರ್ಡ್_ಓಕೆಗೆ ಹನ್ನೊಂದು ಆಪ್ಷನ್ ಸೇರಿಸಿದ್ದೆ. ನನಗೇ ಅದರ ದಾಖಲೆ ನೋಡದೆ ಬಳಸಲಾಗುತ್ತಿರಲಿಲ್ಲ. ಅದನ್ನು ಒಡೆದು ಐದು ಸಣ್ಣ ಫಂಕ್ಷನ್ ಮಾಡಿದೆ. ಈಗ ಮೂರು ಟೆಸ್ಟ್ ಫೈಲುಗಳಲ್ಲಿ ಒಂದೇ ಪರೀಕ್ಷೆ ಕಂಡರೆ ಮಾತ್ರ ಮಾಡ್ಯೂಲಿಗೆ ಎತ್ತುತ್ತೇನೆ, ಎರಡರಲ್ಲಿ ಕಂಡರೆ ಸುಮ್ಮನಿರುತ್ತೇನೆ.

2017ರ ಪರ್ಲ್ 5.26ರಿಂದ ಟೆಸ್ಟ್2 ಎಂಬ ಹೊಸ ತಳಹದಿ ಪರ್ಲ್ ಜೊತೆಗೇ ಬರುತ್ತಿದೆ, ಟೆಸ್ಟ್::ಬಿಲ್ಡರ್ ಈಗ ಅದರ ಮೇಲೆ ನಿಂತಿದೆ. ಅದರಲ್ಲಿ ಲೆವೆಲ್ ಎಣಿಸಬೇಕಿಲ್ಲ: ಫಂಕ್ಷನ್ನಿನ ಮೊದಲಲ್ಲಿ, ಕರೆದ ಜಾಗವನ್ನು ನೆನಪಿಡುವ ಕಾಂಟೆಕ್ಸ್ಟ್ ತೆಗೆದುಕೊಳ್ಳುವುದು, ಕೊನೆಗೆ ರಿಲೀಸ್ ಮಾಡುವುದು. ಒಳಗಿನ ಫಂಕ್ಷನ್ ಕೇಳಿದರೂ ಹೊರಗಿನ ಕಾಂಟೆಕ್ಸ್ಟೇ ಸಿಗುವುದರಿಂದ ಸಾಲು ತಾನಾಗಿಯೇ ಸರಿಬರುತ್ತದೆ. ನಡುವೆ ರಿಟರ್ನ್ ಮಾಡಿ ರಿಲೀಸ್ ಮರೆತರೆ ಜೋರಾಗಿ ಎಚ್ಚರಿಸುತ್ತದೆ. ಲೋಕಲ್ ಮರೆತಾಗಿನ ಮೌನಕ್ಕಿಂತ ಇದು ಎಷ್ಟೋ ವಾಸಿ. ಹೊಸ ಫಂಕ್ಷನ್ನುಗಳನ್ನು ಹೀಗೇ ಬರೆಯುತ್ತಿದ್ದೇನೆ. ಹಳೆಯ ಒಂಬತ್ತು ಇನ್ನೂ ಲೆವೆಲ್ ಎಣಿಸುತ್ತಲೇ ಇವೆ. ಅವಕ್ಕೆ ಟೆಸ್ಟ್ ಇದೆ, ಮುಟ್ಟುವ ಅವಸರ ನನಗಿಲ್ಲ.