ಸೋಲುತ್ತಿರುವ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಆರಿಸುವ ಕ್ರಮ

ಢಾಕಾದಲ್ಲಿ 2025ರ ನವೆಂಬರ್ 18ರಂದು ಭಾರತ ತಂಡವು ಬಾಂಗ್ಲಾದೇಶಕ್ಕೆ 0-1ರಿಂದ ಮಣಿದಾಗ ಬೆಳಗಾವಿಯ ಫುಟ್‌ಬಾಲ್ ಪ್ರಿಯರಲ್ಲಿ ಕೇಳಿಬಂದ ಮಾತು ಹೊಸದೇನಲ್ಲ: "ಮೊದಲ ಕೋಚ್‌ನ ಬದಲ ಮಾಡ್ರಿ, ಆಮ್ಯಾಲೆ ಉಳಿದದ್ದು." ಟಿಳಕವಾಡಿಯ ಲೇಲೆ ಮೈದಾನದ ಸುತ್ತ ಕನ್ನಡ, ಮರಾಠಿ, ಕೊಂಕಣಿ ಮೂರರಲ್ಲೂ ಹೀಗೆ ಹೇಳುವವರಿದ್ದಾರೆ, ಮಾತು ಮುಗಿಯುವ ಮೊದಲೇ ಹೆಸರುಗಳ ಪಟ್ಟಿಯೂ ಹೊರಡುತ್ತದೆ. ಹೆಸರು ಕೊನೆಗೆ ಬರಬೇಕಾದದ್ದು ಎಂಬುದು ನನ್ನ ಅಭಿಪ್ರಾಯ. ಯಾವ ಕೆಲಸಕ್ಕಾಗಿ, ಎಷ್ಟು ಕಾಲಾವಕಾಶ ಕೊಟ್ಟು, ಯಾವ ಷರತ್ತಿನ ಮೇಲೆ ಒಬ್ಬರನ್ನು ಕರೆಯುತ್ತಿದ್ದೇವೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದ, ದೇಶದ ಫುಟ್‌ಬಾಲ್ ನಡೆಸುವ ಫೆಡರೇಷನ್‌ಗೆ ಎಂಥ ದೊಡ್ಡ ಕೋಚ್ ಸಿಕ್ಕರೂ ಉಪಯೋಗವಾಗುವುದು ಕಡಿಮೆ. ಆಯ್ಕೆ ಸಮಿತಿಯಲ್ಲಿ ಕುಳಿತವರು ಹೇಗೆ ಮುಂದುವರಿಯಬೇಕು ಎಂಬುದನ್ನು ಭಾರತದ ಈಚಿನ ಅನುಭವವನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊಟ್ಟಮೊದಲು, ಸೋತ ಕೊನೆಯ ಪಂದ್ಯವನ್ನು ಪಕ್ಕಕ್ಕಿಡಬೇಕು. ಭಾರತದ ಮೂವರು ಕೋಚ್‌ಗಳ ಅವಧಿ ಮುಗಿದ ಬಗೆಯನ್ನು ಗಮನಿಸಿ. 2019ರ ಜನವರಿಯಲ್ಲಿ ಶಾರ್ಜಾದಲ್ಲಿ ಬಹರೇನ್ ಎದುರು ನಿಗದಿತ ತೊಂಬತ್ತು ನಿಮಿಷ ಮುಗಿದ ಮೇಲೆ ಸಿಕ್ಕ ಪೆನಾಲ್ಟಿಯಿಂದ ಭಾರತ ಸೋತಿತು. ಡ್ರಾ ಆಗಿದ್ದರೆ ಏಷ್ಯಾ ಕಪ್‌ನ ಮುಂದಿನ ಸುತ್ತು ಸಿಗುತ್ತಿತ್ತು, ಆದರೆ ಸ್ಟೀಫನ್ ಕಾನ್‌ಸ್ಟಂಟೈನ್ ಅದೇ ರಾತ್ರಿ ರಾಜೀನಾಮೆ ಕೊಟ್ಟರು. 2024ರ ಜೂನ್‌ನಲ್ಲಿ ದೋಹಾದಲ್ಲಿ ಕತಾರ್ ಎದುರು, ಗೆರೆ ದಾಟಿ ಹೊರಹೋಗಿದ್ದ ಚೆಂಡನ್ನು ಒಳಗೆಳೆದು ಹೊಡೆದ ಗೋಲನ್ನು ರೆಫರಿ ಮಾನ್ಯ ಮಾಡಿದರು. ಭಾರತ 1-2ರಿಂದ ಸೋತಿತು, ಇಗೋರ್ ಸ್ಟಿಮಾಚ್ ಕೆಲವೇ ದಿನಗಳಲ್ಲಿ ವಜಾ ಆದರು. ಒಂದು ವರ್ಷದ ಬಳಿಕ ಹಾಂಗ್‌ಕಾಂಗ್‌ನಲ್ಲಿ ಮತ್ತೆ ಅಂತಿಮ ಗಳಿಗೆಯ ಪೆನಾಲ್ಟಿ, ಮತ್ತೆ 0-1, ಮತ್ತು ಮಾನೊಲೊ ಮಾರ್ಕೆಜ್ ಅವರ ನಿರ್ಗಮನ. ಇವರು ಉಳಿಯಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಒಂದು ಸೀಟಿಯ ಸದ್ದಿನಿಂದ ತೀರ್ಮಾನವಾದ ಪಂದ್ಯದ ಸಿಟ್ಟಿನಲ್ಲಿ ಕುಳಿತು ಮುಂದಿನ ಕೋಚ್ ಹೇಗಿರಬೇಕೆಂದು ಯೋಚಿಸಿದರೆ, ಹೋದವರಿಗೆ ತದ್ವಿರುದ್ಧವಾದ ಒಬ್ಬರನ್ನು ಹುಡುಕುತ್ತೇವೆಯೇ ಹೊರತು ತಂಡಕ್ಕೆ ಬೇಕಾದವರನ್ನಲ್ಲ.

ಆದ್ದರಿಂದ ಕಡೆಯ ಒಂದೂವರೆ ಎರಡು ವರ್ಷಗಳ ಪಂದ್ಯಗಳನ್ನೆಲ್ಲ ಒಟ್ಟಿಗೆ ಮುಂದಿಟ್ಟುಕೊಂಡು, ತಂಡ ಎಲ್ಲಿ ಸೋಲುತ್ತಿದೆ ಎಂಬುದನ್ನು ಪತ್ತೆ ಹಚ್ಚಬೇಕು. ಮಾರ್ಕೆಜ್ ಅವರ ಎಂಟು ಪಂದ್ಯಗಳನ್ನೇ ತೆಗೆದುಕೊಳ್ಳೋಣ. ಒಂದು ಗೆಲುವು, ನಾಲ್ಕು ಡ್ರಾ, ಮೂರು ಸೋಲು ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಅದರೊಳಗಿನ ಲೆಕ್ಕ ಬೇರೆ ಇದೆ: ತಂಡ ಹೊಡೆದ ಐದು ಗೋಲುಗಳಲ್ಲಿ ಮೂರು ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ಎದುರೇ ಬಂದವು, ಉಳಿದ ಏಳು ಪಂದ್ಯಗಳಿಗೆ ಸಿಕ್ಕಿದ್ದು ಎರಡೇ ಗೋಲು. ಅದಕ್ಕೂ ಹಿಂದೆ, ಸ್ಟಿಮಾಚ್ ಅವರ ಕಾಲದಲ್ಲಿ, 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾಗಳ ಎದುರಿನ ಮೂರು ಪಂದ್ಯಗಳಲ್ಲಿ ಭಾರತ ಒಂದೂ ಗೋಲು ಹೊಡೆಯಲಿಲ್ಲ. ಇಬ್ಬರು ಕೋಚ್‌ಗಳ ಶೈಲಿ ಬೇರೆ, ಕಾಯಿಲೆ ಒಂದೇ. ಇದರ ಬೇರು ಇರುವುದು ಲೀಗ್‌ನಲ್ಲಿ. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಪ್ರತಿ ತಂಡವೂ ಮೈದಾನಕ್ಕೆ ಇಳಿಸಬಹುದಾದ ನಾಲ್ವರು ವಿದೇಶಿಯರಲ್ಲಿ ಒಬ್ಬರು ಬಹುಪಾಲು ಮುಂಚೂಣಿಯ ಸ್ಟ್ರೈಕರ್ ಆಗಿರುತ್ತಾರೆ. ಹೀಗಾಗಿ ಗೋಲಿನ ಎದುರು ನಿಲ್ಲುವ ಜಾಗದಲ್ಲಿ ಭಾರತೀಯ ಹುಡುಗನಿಗೆ ವರ್ಷಪೂರ್ತಿ ಆಡುವ ಅವಕಾಶ ಸಿಗುವುದೇ ಅಪರೂಪ. ತಂಡದ ಹಿರಿಯ ಸ್ಟ್ರೈಕರ್ ಸುನಿಲ್ ಛೇತ್ರಿ 2024ರ ಜೂನ್‌ನಲ್ಲಿ ವಿದಾಯ ಹೇಳಿ, ಮರುವರ್ಷದ ಮಾರ್ಚ್‌ನಲ್ಲಿ ನಲವತ್ತರ ವಯಸ್ಸಿನಲ್ಲಿ ವಾಪಸು ಬರಬೇಕಾಯಿತೆಂದರೆ ಅದರ ಅರ್ಥ ಬೇರೆ ಬಿಡಿಸಿ ಹೇಳಬೇಕಿಲ್ಲ. ಇಂಥ ಕೊರತೆಗೆ ಕೋಚ್‌ನನ್ನು ಹೊಣೆ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಸಮಿತಿಯು ಇಲ್ಲಿ ಎರಡು ಹಾಳೆ ಬರೆಯಬೇಕು. ಕೋಚ್ ಸರಿಪಡಿಸಬಹುದಾದದ್ದು ಒಂದು ಹಾಳೆಯಲ್ಲಿ: ಆಟಗಾರರ ಆಯ್ಕೆ, ರಕ್ಷಣೆಯ ಶಿಸ್ತು, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಸಿದ್ಧತೆ, ಪಂದ್ಯದ ನಡುವೆ ಮಾಡುವ ಬದಲಾವಣೆ, ಡ್ರೆಸ್ಸಿಂಗ್ ರೂಮಿನ ವಾತಾವರಣ. ಫೆಡರೇಷನ್ ತಾನೇ ಸರಿಪಡಿಸಬೇಕಾದದ್ದು ಇನ್ನೊಂದರಲ್ಲಿ: ಲೀಗ್‌ನ ನಿಯಮ, ಕಿರಿಯರ ಟೂರ್ನಿಗಳು, ಪಂದ್ಯಗಳ ವೇಳಾಪಟ್ಟಿ, ಕ್ಲಬ್‌ಗಳ ಜೊತೆಗಿನ ಒಪ್ಪಂದ. ಎರಡನೆಯ ಹಾಳೆ ಮೊದಲನೆಯದಕ್ಕಿಂತ ಉದ್ದವಾದರೆ ಅಚ್ಚರಿಪಡಬೇಕಾಗಿಲ್ಲ. ಅದನ್ನು ಮುಚ್ಚಿಡದೆ ಅಭ್ಯರ್ಥಿಗಳಿಗೂ ಓದಲು ಕೊಡಬೇಕು. ಅದನ್ನು ಓದಿದ ಮೇಲೂ ಕೆಲಸ ಬೇಕೆನ್ನುವವರು ಯಾರೆಂಬುದು ತಿಳಿಯುವುದೇ ಒಂದು ಲಾಭ.

ಎರಡನೆಯ ವಿಷಯ, ಈ ಕೆಲಸದ ಸ್ವರೂಪ. ರಾಷ್ಟ್ರೀಯ ತಂಡದ ಕೋಚ್‌ಗೆ ಆಟಗಾರರು ಸಿಗುವುದು ಫಿಫಾ ವಿಂಡೋ ಎಂದು ಕರೆಯುವ, ವರ್ಷದಲ್ಲಿ ಕೆಲವೇ ಬಾರಿ ಬರುವ ದಿನಗಳಲ್ಲಿ ಮಾತ್ರ. ಆ ದಿನಗಳಲ್ಲಿ ಆಟಗಾರನನ್ನು ಬಿಡುವುದು ಕ್ಲಬ್‌ಗೆ ಕಡ್ಡಾಯ. ಅದರ ಹೊರಗೆ ಕಡ್ಡಾಯವಲ್ಲ. 2025ರಲ್ಲಿ ಮಧ್ಯ ಏಷ್ಯಾದ ನೇಷನ್ಸ್ ಕಪ್ ಟೂರ್ನಿಯ ಆರಂಭ ವಿಂಡೋದ ಹೊರಗೆ ಬಿದ್ದುದರಿಂದ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ತನ್ನ ಆಟಗಾರರನ್ನು ಕಳುಹಿಸಲಿಲ್ಲ, ಆಗಷ್ಟೇ ನೇಮಕಗೊಂಡಿದ್ದ ಖಾಲಿದ್ ಜಮೀಲ್ ಇದ್ದವರನ್ನೇ ಕಟ್ಟಿಕೊಂಡು ಹೋದರು, ಮತ್ತು ಒಮಾನ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಮೂರನೆಯ ಸ್ಥಾನ ತಂದರು. ದಿನವೂ ಬೆಳಿಗ್ಗೆ ಆಟಗಾರರನ್ನು ಕಂಡು ತಿದ್ದುವ ಕ್ಲಬ್ ಕೋಚ್‌ನ ಕೆಲಸಕ್ಕೂ ಇದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ನಮ್ಮ ನೆರೆಯ ಗೋವೆಯಿಂದಲೇ ಸಾಕ್ಷಿ ಸಿಗುತ್ತದೆ. ಮಾರ್ಕೆಜ್ 2024-25ರಲ್ಲಿ ಎಫ್‌ಸಿ ಗೋವಾ ಮತ್ತು ಭಾರತ ಎರಡನ್ನೂ ಒಟ್ಟಿಗೆ ನಡೆಸಿದರು; ಅದೇ ಋತುವಿನಲ್ಲಿ ಗೋವೆಗೆ ಸೂಪರ್ ಕಪ್ ಗೆದ್ದುಕೊಟ್ಟರು, ಭಾರತಕ್ಕೆ ಎಂಟರಲ್ಲಿ ಒಂದು ಗೆಲುವು. (ಆ ಫೈನಲ್‌ನಲ್ಲಿ ಸೋತ ಜಮ್ಶೆಡ್‌ಪುರ ತಂಡದ ಕೋಚ್ ಖಾಲಿದ್ ಜಮೀಲ್ ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬಹುದು.) ಕ್ಲಬ್‌ನಲ್ಲಿ ಗೆದ್ದವರೆಲ್ಲ ದೇಶಕ್ಕೆ ಹೊಂದುತ್ತಾರೆ ಎಂಬ ನಂಬಿಕೆಯನ್ನು ಬಿಡುವುದಕ್ಕೆ ಇಷ್ಟು ಸಾಕು, ಎರಡು ಹುದ್ದೆಗಳನ್ನು ಒಬ್ಬರಿಗೇ ಕೊಡುವ ಉಳಿತಾಯದ ಉಪಾಯವನ್ನೂ ಇದರ ಜೊತೆಗೇ ಕೈಬಿಡಬೇಕು.

ಗುರಿ ನಿಗದಿ ಮಾಡುವಾಗ ಫಿಫಾ ರ‍್ಯಾಂಕಿಂಗ್ ಅನ್ನು ಅಳತೆಗೋಲಾಗಿ ಬಳಸುವ ಮೊದಲು ಎರಡು ಬಾರಿ ಯೋಚಿಸಬೇಕು. 2018ರಿಂದ ಜಾರಿಯಲ್ಲಿರುವ ಪದ್ಧತಿಯಲ್ಲಿ ವಿಂಡೋದ ಹೊರಗಿನ ಸ್ನೇಹಪಂದ್ಯಕ್ಕೆ 5, ಒಳಗಿನ ಸ್ನೇಹಪಂದ್ಯಕ್ಕೆ 10, ವಿಶ್ವಕಪ್ ಅಥವಾ ಖಂಡಮಟ್ಟದ ಅರ್ಹತಾ ಪಂದ್ಯಕ್ಕೆ 25 ಎಂಬ ತೂಕವಿದೆ; ಎದುರಾಳಿ ಯಾರೆಂಬುದೂ ಲೆಕ್ಕಕ್ಕೆ ಬರುತ್ತದೆ. ಪಂದ್ಯ ಎಲ್ಲಿ ನಡೆಯಿತು ಎಂಬುದು ಮಾತ್ರ ಲೆಕ್ಕಕ್ಕಿಲ್ಲ. 2023ರಲ್ಲಿ ಭಾರತ ಇಂಫಾಲ್, ಭುವನೇಶ್ವರ, ಬೆಂಗಳೂರುಗಳಲ್ಲಿ ಮೂರು ಟೂರ್ನಿ ಗೆದ್ದು ಜುಲೈನಲ್ಲಿ 99ನೆಯ ಸ್ಥಾನಕ್ಕೆ ಏರಿತು. ಎಲ್ಲವೂ ತವರು ನೆಲ. ಮುಂದೆ ಹೊರಗೆ ಹೋಗಿ ಆಡಬೇಕಾದಾಗ ಆದದ್ದೇನೆಂಬುದು ಏಷ್ಯಾ ಕಪ್‌ನಲ್ಲಿ ಕಂಡಿತು. 2025ರ ನವೆಂಬರ್ ಹೊತ್ತಿಗೆ ತಂಡ 142ಕ್ಕೆ ಇಳಿದಿತ್ತು. ಹೊಸ ಕೋಚ್‌ಗೆ "ನೂರರೊಳಗೆ ತನ್ನಿ" ಎಂದು ಹೇಳುವುದಕ್ಕಿಂತ, ಇಂಥ ಅರ್ಹತಾ ಗುಂಪಿನಲ್ಲಿ ಹೊರನೆಲದ ಮೂರು ಪಂದ್ಯಗಳಿಂದ ಇಷ್ಟು ಅಂಕ ಬೇಕು, ಇಪ್ಪತ್ತಮೂರು ವರ್ಷದೊಳಗಿನ ಇಷ್ಟು ಜನರಿಗೆ ಅವಕಾಶ ಸಿಗಬೇಕು ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕವಾದದ್ದು.

ಇಷ್ಟಾದ ಮೇಲೆ ಹೆಸರುಗಳಿಗೆ ಬರಬಹುದು. 2025ರಲ್ಲಿ ಭಾರತದ ಹುದ್ದೆಗೆ 170 ಅರ್ಜಿಗಳು ಬಂದಿದ್ದವು, ಮಾಜಿ ಆಟಗಾರ ಐ.ಎಂ. ವಿಜಯನ್ ನೇತೃತ್ವದ ತಾಂತ್ರಿಕ ಸಮಿತಿ ಅದನ್ನು ಕಾನ್‌ಸ್ಟಂಟೈನ್, ಸ್ಟೆಫಾನ್ ತಾರ್ಕೊವಿಚ್, ಖಾಲಿದ್ ಜಮೀಲ್ ಎಂಬ ಮೂವರಿಗೆ ಇಳಿಸಿತು. ಅರ್ಜಿಗಳ ಸಂಖ್ಯೆಯಿಂದ ಹಿಗ್ಗಬಾರದು, ಏಕೆಂದರೆ ಕೆಲಸ ಬೇಕೆಂದು ಬರುವವರು ಒಂದು ಗುಂಪಾದರೆ, ನಾವೇ ಹುಡುಕಿಕೊಂಡು ಹೋಗಬೇಕಾದವರು ಇನ್ನೊಂದು ಗುಂಪು. ಅರ್ಜಿಯನ್ನು ಓದುವಾಗ ಪದಕಗಳನ್ನು ಎಣಿಸುವ ಬದಲು, ಆ ಕೋಚ್‌ಗೆ ಎಂಥ ತಂಡ ಸಿಕ್ಕಿತ್ತು, ಎಂಥ ತಂಡವನ್ನು ಬಿಟ್ಟುಹೋದರು ಎಂಬ ಅಂತರವನ್ನು ನೋಡಬೇಕು. ಜಮೀಲ್ 2016-17ರಲ್ಲಿ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್ ಗೆದ್ದದ್ದು ಮಿಜೋರಾಮಿನ ಪುಟ್ಟ ಕ್ಲಬ್ ಐಜಾಲ್ ಜೊತೆ. ದುಡ್ಡಿದ್ದ ಕ್ಲಬ್‌ನೊಡನೆ ಗೆದ್ದ ಎರಡು ಪ್ರಶಸ್ತಿಗಿಂತ ಅದು ಹೆಚ್ಚು ಹೇಳುತ್ತದೆ.

ವಿದೇಶಿಯೋ ಸ್ವದೇಶಿಯೋ ಎಂಬ ಜಗಳ ಇಲ್ಲಿ ಬರುತ್ತದೆ, ಮತ್ತು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನ ತಂದುಕೊಟ್ಟವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಮೊರಾಕ್ಕೊ ದೇಶವು 2022ರ ವಿಶ್ವಕಪ್‌ಗೆ ಸುಮಾರು ಮೂರು ತಿಂಗಳಷ್ಟೇ ಉಳಿದಿದ್ದಾಗ, ಅರ್ಹತೆ ಗಳಿಸಿಕೊಟ್ಟಿದ್ದ ವಿದೇಶಿ ಕೋಚ್‌ನನ್ನು ತೆಗೆದು ತನ್ನವರೇ ಆದ ವಾಲಿದ್ ರೆಗ್ರಾಗುಯಿ ಅವರನ್ನು ತಂದಿತು. ಅವರು ಹಿಂದಿನ ಕೋಚ್ ಜೊತೆ ಮುನಿಸಿಕೊಂಡು ದೂರವಾಗಿದ್ದ ಆಟಗಾರ ಹಕೀಮ್ ಜಿಯೆಚ್‌ನನ್ನು ಮರಳಿ ಕರೆಸಿಕೊಂಡು ಸೆಮಿಫೈನಲ್‌ವರೆಗೆ ಹೋದರು. ಆದರೆ ಗ್ರೀಸ್ 2004ರ ಯೂರೋ (ಯುರೋಪಿನ ದೇಶಗಳ ಚಾಂಪಿಯನ್‌ಷಿಪ್) ಗೆದ್ದದ್ದು ಜರ್ಮನಿಯ ಓಟ್ಟೊ ರೆಹಾಗೆಲ್ ಅವರೊಡನೆ, ಅದೂ ಅವರ ಮೊದಲ ಪಂದ್ಯದಲ್ಲಿ ಫಿನ್ಲೆಂಡ್ ಎದುರು 1-5ರಿಂದ ಸೋತ ಮೇಲೆ. ಪಾಸ್‌ಪೋರ್ಟ್ ನೋಡುವುದಕ್ಕಿಂತ, ಆ ವ್ಯಕ್ತಿಯ ಮಾತು ಆಟಗಾರರಿಗೆ ತಲುಪುತ್ತದೆಯೇ ಎಂದು ನೋಡುವುದು ಮುಖ್ಯ. ಮಣಿಪುರ, ಮಿಜೋರಾಂ, ಪಂಜಾಬ್, ಕೇರಳ, ಗೋವಾಗಳ ಹುಡುಗರು ಒಂದೇ ಕೋಣೆಯಲ್ಲಿ ಕುಳಿತಾಗ ಅರ್ಧ ಸಮಯದ ಹದಿನೈದು ನಿಮಿಷದಲ್ಲಿ ಹೇಳಿದ್ದು ಎಲ್ಲರಿಗೂ ಅರ್ಥವಾಗಬೇಕು. ಮೂರು ಭಾಷೆಯಲ್ಲಿ ವ್ಯವಹರಿಸುವ ಬೆಳಗಾವಿಯವರಿಗೆ ಇದರ ಕಷ್ಟವನ್ನೂ, ಅದು ದಾಟಬಹುದಾದ ಕಷ್ಟ ಎಂಬುದನ್ನೂ ಬೇರೆಯಾಗಿ ಹೇಳಬೇಕಿಲ್ಲ. ರೆಹಾಗೆಲ್ ಅವರಿಗೆ ಗ್ರೀಕ್ ತಿಳಿದಿದ್ದ ಸಹಾಯಕರಿದ್ದರು. ವಿದೇಶಿ ಕೋಚ್ ಬೇಕೆಂದರೆ ಅಂಥ ಸಹಾಯಕನ ಸಂಬಳವನ್ನೂ ಮೊದಲೇ ಬಜೆಟ್‌ನಲ್ಲಿ ಸೇರಿಸಬೇಕು.

ಸಂದರ್ಶನದಲ್ಲಿ ತತ್ವಜ್ಞಾನ ಕೇಳಬಾರದು. ಆಕ್ರಮಣಕಾರಿ ಆಟ, ಆಧುನಿಕ ಶೈಲಿ ಎಂಬ ಮಾತುಗಳನ್ನು ಎಲ್ಲರೂ ಕಲಿತು ಬಂದಿರುತ್ತಾರೆ. ಅದರ ಬದಲು ತಂಡದ ಎರಡು ಪಂದ್ಯಗಳ ವಿಡಿಯೊವನ್ನು ಒಂದು ವಾರ ಮೊದಲೇ ಕಳುಹಿಸಿ, ಇಪ್ಪತ್ತಮೂರು ಜನರ ತಂಡವನ್ನು ಹೆಸರು ಸಮೇತ ಬರೆದು ತರಲು ಹೇಳಬೇಕು. ಯಾರನ್ನು ಬಿಟ್ಟಿದ್ದಾರೆ, ಏಕೆ ಬಿಟ್ಟಿದ್ದಾರೆ ಎಂಬುದರ ಮೇಲೆ ಅರ್ಧ ಗಂಟೆ ಚರ್ಚಿಸಿದರೆ ಅಭ್ಯರ್ಥಿ ಲೀಗ್ ನೋಡಿದ್ದಾರೋ ಇಲ್ಲವೋ ತಿಳಿದುಬಿಡುತ್ತದೆ. ಆಮೇಲೆ ನಾಲ್ಕೇ ಅಭ್ಯಾಸ ಅವಧಿಗಳಿರುವ ಒಂದು ವಾರದ ಯೋಜನೆಯನ್ನು ದಿನವಾರು ಕೇಳಬೇಕು. ಎಲ್ಲವನ್ನೂ ಕಲಿಸುತ್ತೇನೆ ಎನ್ನುವವರಿಗಿಂತ, ಇಷ್ಟನ್ನೇ ಕಲಿಸಬಲ್ಲೆ, ಉಳಿದದ್ದನ್ನು ಬಿಡುತ್ತೇನೆ ಎನ್ನುವವರ ಕಡೆ ನಾನು ವಾಲುತ್ತೇನೆ. ಹಳೆಯ ಕ್ಲಬ್‌ಗಳಲ್ಲಿ ವಿಚಾರಿಸುವಾಗ ಅಧ್ಯಕ್ಷರನ್ನು ಮಾತ್ರ ಕೇಳಿ ಬಿಡದೆ, ಆ ಕೋಚ್ ತಂಡದಿಂದ ಕೈಬಿಟ್ಟಿದ್ದ ಆಟಗಾರರನ್ನೂ ಫಿಸಿಯೋಗಳನ್ನೂ ಕೇಳಬೇಕು.

ಕರಾರುಪತ್ರದ ವಿಷಯದಲ್ಲಿ ಫೆಡರೇಷನ್‌ಗಳು ತೋರುವ ಅವಸರ ನನಗೆ ಎಂದೂ ಅರ್ಥವಾಗಿಲ್ಲ. 2023ರ ಟೂರ್ನಿ ಗೆಲುವುಗಳ ಬೆನ್ನಲ್ಲೇ, ಏಷ್ಯಾ ಕಪ್ ಇನ್ನೂ ಕೆಲವೇ ತಿಂಗಳ ದೂರದಲ್ಲಿದ್ದಾಗ, ಸ್ಟಿಮಾಚ್ ಅವರ ಅವಧಿಯನ್ನು 2026ರವರೆಗೆ ವಿಸ್ತರಿಸಲಾಯಿತು. ಮುಂದಿನ ಜೂನ್‌ನಲ್ಲಿ ಅವರನ್ನು ತೆಗೆದಾಗ ವಿವಾದ ಬೆಳೆದು, ಕೊನೆಗೆ 4 ಲಕ್ಷ ಡಾಲರ್ ಪರಿಹಾರಕ್ಕೆ ಇತ್ಯರ್ಥವಾಯಿತು. ಆ ಹಣದಲ್ಲಿ ಕಿರಿಯರ ಎಷ್ಟು ಶಿಬಿರಗಳು ನಡೆಯುತ್ತಿದ್ದವು ಎಂದು ಲೆಕ್ಕ ಹಾಕುವುದು ಬೇಡ. ಕರಾರಿನ ಅವಧಿಯು ಒಂದು ಅರ್ಹತಾ ಸುತ್ತಿನೊಂದಿಗೆ ಆರಂಭವಾಗಿ ಅದರೊಂದಿಗೇ ಮುಗಿಯಬೇಕು. ಅರ್ಹತೆ ಸಿಕ್ಕರೆ ತಾನಾಗಿ ಮುಂದುವರಿಯಬೇಕು, ಸಿಗದಿದ್ದರೆ ನಿಗದಿತ ತಿಂಗಳ ಸಂಬಳಕ್ಕೆ ಎರಡೂ ಕಡೆಯವರು ಬಿಡುಗಡೆಯಾಗಬೇಕು. ಕೋಚ್ ತಾವೇ ಹೊರಟರೆ ಏನು ಎಂಬುದಕ್ಕೂ ಷರತ್ತಿರಲಿ: ಇಟಲಿಗೆ ಯೂರೋ ಗೆದ್ದುಕೊಟ್ಟ ರೊಬರ್ಟೊ ಮಂಚಿನಿ 2023ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟು ಅದೇ ತಿಂಗಳು ಸೌದಿ ಅರೇಬಿಯಾ ತಂಡ ಸೇರಿದರು. ಬೇರೆ ಹುದ್ದೆಯ ಮಾತುಕತೆಯನ್ನು ಮೊದಲೇ ತಿಳಿಸಬೇಕೆಂಬ ಸಾಲೂ ಬೇಕು, ಏಕೆಂದರೆ ಅದನ್ನು ತಡವಾಗಿ ತಿಳಿದ ಸ್ಪೇನ್, 2018ರ ವಿಶ್ವಕಪ್‌ನಲ್ಲಿ ತನ್ನ ಮೊದಲ ಪಂದ್ಯಕ್ಕೆ ಎರಡು ದಿನ ಇರುವಾಗ ಹುಲೆನ್ ಲೊಪೆಟೆಗಿ ಅವರನ್ನು ವಜಾ ಮಾಡಬೇಕಾಯಿತು.

ತೀರ್ಮಾನ ಮಾಡುವವರು ಐವರಿಗಿಂತ ಹೆಚ್ಚಿರಬಾರದು. ಅವರಲ್ಲಿ ಇಬ್ಬರಾದರೂ ಈಚಿನ ವರ್ಷಗಳಲ್ಲಿ ಕೋಚ್ ಆಗಿ ಕೆಲಸ ಮಾಡಿದವರಾಗಿರಬೇಕು. ತಾಂತ್ರಿಕ ಸಮಿತಿ ಕೊಟ್ಟ ಕ್ರಮವನ್ನು ಕಾರ್ಯಕಾರಿ ಸಮಿತಿ ಬದಲಿಸುವ ಹಕ್ಕು ಇಟ್ಟುಕೊಳ್ಳಬಹುದು, ಆದರೆ ಬದಲಿಸಿದ ಕಾರಣವನ್ನು ನಡಾವಳಿಯಲ್ಲಿ ಬರೆಯಬೇಕು.

ನೇಮಕದ ದಿನವೇ ಪರಿಶೀಲನೆಯ ದಿನಾಂಕಗಳನ್ನೂ ಪ್ರಕಟಿಸುವುದು ಒಳ್ಳೆಯದು. ಪ್ರತಿ ವಿಂಡೋ ಮುಗಿದ ಎರಡು ವಾರಗಳಿಗೆ, ಫಲಿತಾಂಶ ಏನೇ ಇರಲಿ, ಅದೇ ಎರಡು ಹಾಳೆಗಳನ್ನು ಮುಂದಿಟ್ಟುಕೊಂಡು ಕೋಚ್ ಮತ್ತು ಫೆಡರೇಷನ್ ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸಕ್ಕೆ ಉತ್ತರ ಕೊಡಬೇಕು. ಹಾಗೆಯೇ ಹೊರಡುವ ಕೋಚ್‌ನ ಕಡೆಯ ಕಂತಿನ ಸಂಬಳವನ್ನು ಕೊಡುವ ಮೊದಲು, ಪ್ರತಿ ಆಟಗಾರನ ಕುರಿತ ಟಿಪ್ಪಣಿ, ಗಾಯದ ದಾಖಲೆ, ಅಭ್ಯಾಸದ ವಿಡಿಯೊಗಳನ್ನು ಫೆಡರೇಷನ್ ತನ್ನ ವಶಕ್ಕೆ ಪಡೆಯಬೇಕೆಂದು ಕರಾರಿನಲ್ಲೇ ಸೇರಿಸಿದರೆ, ಬರುವವರು ತಮ್ಮ ಮೊದಲ ಶಿಬಿರದ ದಿನಗಳನ್ನು ಆಟಗಾರರ ಪರಿಚಯಕ್ಕೇ ಕಳೆಯಬೇಕಾಗುವುದಿಲ್ಲ.