ಗಾಂಜಾ ಸಮಸ್ಯೆ: ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡುವುದು ಹೇಗೆ?

ಪ್ರತಿವರ್ಷ ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಆಸುಪಾಸಿನಲ್ಲಿ ಮಂಗಳೂರು, ಉಡುಪಿಯ ಸಭಾಂಗಣಗಳಲ್ಲಿ ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಶಿಕ್ಷಕಿಯರಿಗೂ ಯುವಕ ಮಂಡಲದವರಿಗೂ ಒಂದು ದಿನದ ತರಬೇತಿ ನಡೆಯುತ್ತದೆ. ದೀಪ ಬೆಳಗಿಸಿ, ಮೂರು ಭಾಷಣಗಳಾಗಿ, ಕಪ್ಪಾದ ಶ್ವಾಸಕೋಶದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ, ಊಟದ ಬಳಿಕ ಪ್ರತಿಜ್ಞೆ ಬೋಧಿಸಿ ಪ್ರಮಾಣಪತ್ರದೊಂದಿಗೆ ಕಳುಹಿಸಿಕೊಡುತ್ತಾರೆ. ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಾಗಿ ನಾನು ಇಂಥ ಹಲವು ತರಬೇತಿಗಳಲ್ಲಿ ಕುಳಿತಿದ್ದೇನೆ, ಕೆಲವನ್ನು ನಡೆಸಿಯೂ ಇದ್ದೇನೆ. ಅಲ್ಲಿಂದ ಹೊರಬಂದ ಕಾರ್ಯಕರ್ತೆಗೆ ಗಾಂಜಾದ ದುಷ್ಪರಿಣಾಮಗಳನ್ನು ಒಂದೇ ಉಸಿರಿಗೆ ಹೇಳಲು ಬರುತ್ತದೆ. ಆದರೆ ಮರುದಿನ ಗಾಂಜಾ ಸೇದುವ ಹುಡುಗನೊಬ್ಬ ಜಗಲಿಯಲ್ಲಿ ಎದುರು ಬಂದು ಕುಳಿತರೆ ಅವನೊಡನೆ ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದಿಲ್ಲ. ಆ ಮಾತನ್ನು ಕಲಿಸುವುದೇ ತರಬೇತಿಯ ನಿಜವಾದ ಕೆಲಸ.

ಯಾರನ್ನು, ಯಾವಾಗ ಕರೆಯಬೇಕು

ಒಂದು ತಂಡದಲ್ಲಿ ಹದಿನೈದಕ್ಕಿಂತ ಹೆಚ್ಚು ಮಂದಿ ಬೇಡ. ಆಶಾ ಕಾರ್ಯಕರ್ತೆಯರ ಜೊತೆಗೆ ಹಾಸ್ಟೆಲ್ ವಾರ್ಡನ್‌ಗಳನ್ನೂ ಸ್ವಸಹಾಯ ಸಂಘದ ಮಹಿಳೆಯರನ್ನೂ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರನ್ನೂ ಸೇರಿಸಿಕೊಳ್ಳಬೇಕು. ಮಲ್ಪೆ, ಗಂಗೊಳ್ಳಿ ಮತ್ತು ಮಂಗಳೂರಿನ ಮೀನುಗಾರಿಕೆ ಧಕ್ಕೆಯ ಕಡೆಯವರಿಗೆ ತರಬೇತಿ ಇಡುವುದಾದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯೇ ಸೂಕ್ತ, ಏಕೆಂದರೆ ಆಗ ತಾಂಡೇಲರು ದಡದಲ್ಲಿರುತ್ತಾರೆ. ಒಂದು ದಿನ ಸಾಲದು. ಎರಡು ಪೂರ್ಣ ದಿನಗಳು ಮತ್ತು ತಿಂಗಳ ನಂತರ ಅರ್ಧ ದಿನ ಬೇಕೇ ಬೇಕು.

ತಿಳಿವಳಿಕೆಗೆ ಎರಡೇ ಗಂಟೆ

ವಿಷಯ ಬೋಧನೆಯನ್ನು ಮೊದಲ ಬೆಳಿಗ್ಗೆಯ ಎರಡು ಗಂಟೆಯಲ್ಲಿ ಮುಗಿಸಬೇಕು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದವರು ದೇಶದಲ್ಲಿ ಸುಮಾರು 3.1 ಕೋಟಿ, ಅವರಲ್ಲಿ ನೆರವು ಬೇಕಾದಷ್ಟು ತೊಂದರೆಗೊಳಗಾದವರು ಸುಮಾರು 72 ಲಕ್ಷ. ಈ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ, ಬಳಸಿದವರೆಲ್ಲರೂ ವ್ಯಸನಿಗಳಲ್ಲ, ಹಾಗೆಂದು ಯಾರೂ ವ್ಯಸನಿಗಳಾಗುವುದಿಲ್ಲವೆಂಬುದೂ ಸುಳ್ಳು ಎಂಬ ಎರಡೂ ಮಾತುಗಳು ಒಟ್ಟಿಗೆ ಅರ್ಥವಾಗುತ್ತವೆ. ಹದಿಹರೆಯದಲ್ಲೇ ಶುರುಮಾಡಿದವರಿಗೆ ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು. ಚಿಕ್ಕ ವಯಸ್ಸಿನಲ್ಲಿ ದಿನವೂ ಸೇದುವವರಲ್ಲಿ, ಅದರಲ್ಲೂ ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಲ್ಲಿ, ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಕಾಯಿಲೆಯ ಅಪಾಯ ಏರುತ್ತದೆ. ನಮ್ಮ ಕಡೆ ಗಾಂಜಾವನ್ನು ಬೀಡಿಯ ಅಥವಾ ಸಿಗರೇಟಿನ ಹೊಗೆಸೊಪ್ಪಿನ ಜೊತೆ ಬೆರೆಸಿ ಸೇದುವುದರಿಂದ ನಿಕೋಟಿನ್ ಚಟವೂ ಜೊತೆಗೇ ಬೆಳೆದಿರುತ್ತದೆ ಎಂಬುದನ್ನು ಮರೆಯದೆ ಹೇಳಬೇಕು.

ಕಾನೂನಿನ ಬಗ್ಗೆ ಭಯವಿರುವುದರಿಂದ ಅದಕ್ಕೂ ಸ್ವಲ್ಪ ಹೊತ್ತು ಕೊಡಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಂತೆ ಗಾಂಜಾ ಸೇವನೆ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಪ್ರಕರಣ ಎದುರಿಸುತ್ತಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರದಿಂದ ಮಾನ್ಯವಾದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ ದೊರೆಯುತ್ತದೆ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ವಿನಾಯಿತಿಯನ್ನು ಹಿಂದಕ್ಕೆ ಪಡೆಯಬಹುದು. ಚಿಕಿತ್ಸೆಯ ವಿವರಗಳು ಗೋಪ್ಯವಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಒಂದು ಊರಿನಲ್ಲಿ ಕಾರ್ಯಕರ್ತರೊಬ್ಬರು ಸದುದ್ದೇಶದಿಂದಲೇ, ತಮ್ಮ ಬಳಿ ನೆರವು ಕೇಳಿದ ಹುಡುಗನ ಹೆಸರನ್ನು ಗ್ರಾಮಸಭೆಯಲ್ಲಿ ಎತ್ತಿಬಿಟ್ಟರು. ಅವನು ಮತ್ತೆ ಬರಲಿಲ್ಲ. ಅವನ ಗೆಳೆಯರೂ ಬರಲಿಲ್ಲ.

ಮಾತಿನ ಅಭ್ಯಾಸ: ಇಲ್ಲಿ ಅವಸರ ಸಲ್ಲದು

ಉಳಿದ ಸಮಯದ ಬಹುಪಾಲು ಇದಕ್ಕೇ ಸಲ್ಲಬೇಕು. ಮೂವರಂತೆ ಕೂರಿಸಬೇಕು: ಒಬ್ಬರು ಮಾತಾಡಿಸುವವರು, ಒಬ್ಬರು ನೆರವಿಗೆ ಬಂದವರು, ಮೂರನೆಯವರು ಗಮನಿಸುವವರು. ಬಂದವರ ಕೈಗೆ ಒಂದು ಚೀಟಿ: ಹತ್ತೊಂಬತ್ತು ವರ್ಷ, ಬೋಟಿನಲ್ಲಿ ಐಸು ತುಂಬುವ ಕೆಲಸ, ಸಂಜೆ ಎರಡು ಮೂರು ಸಲ ಸೇದುತ್ತಾನೆ, ನಿದ್ದೆ ಸರಿಯಿಲ್ಲ, ಅಮ್ಮನ ಒತ್ತಾಯಕ್ಕೆ ಬಂದಿದ್ದಾನೆ. ಗಮನಿಸುವವರ ಹಾಳೆಯಲ್ಲಿ ಎರಡೇ ಅಂಕಣಗಳು, ಪ್ರಶ್ನೆ ಮತ್ತು ಉಪದೇಶ. ಮಾತಿನ ನಡುವೆ ಯಾವುದು ಬಂದರೂ ಅಲ್ಲೊಂದು ಗೆರೆ ಎಳೆಯಬೇಕು. ಒಂದು ಸುತ್ತಿಗೆ ಎಂಟು ನಿಮಿಷ ಸಾಕು.

ಮಲ್ಪೆ ಕಡೆಯ ಅನುಭವಿ ಆಶಾ ಕಾರ್ಯಕರ್ತೆಯೊಬ್ಬರ ಮೊದಲ ಸುತ್ತು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹುಡುಗನ ಪಾತ್ರದಲ್ಲಿದ್ದವರು ‘ಏನಿಲ್ಲ ಅಕ್ಕ, ನಿದ್ದೆ ಬರುವುದಿಲ್ಲ ಅಷ್ಟೇ’ ಎಂದರು. ಅರ್ಧ ನಿಮಿಷವೂ ಆಗಿರಲಿಲ್ಲ, ‘ಎಂತ ಮಾರಾಯ ಇದು, ನಿನ್ನ ಅಪ್ಪ ಸಮುದ್ರಕ್ಕೆ ಹೋಗಿ ದುಡಿಯುವುದು ಇದಕ್ಕಾ? ನಾಳೆಯಿಂದ ಬಿಡುತ್ತೇನೆ ಅಂತ ಹೇಳು’ ಎಂಬ ಮಾತು ಬಂದೇಬಿಟ್ಟಿತು. ಅದರಲ್ಲಿ ಪ್ರೀತಿಯಿತ್ತು, ಸಂದೇಹವಿಲ್ಲ. ಆದರೆ ಎದುರಿಗಿದ್ದವರು ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿ ‘ಆಯ್ತು ಅಕ್ಕ’ ಎಂದು ಸುಮ್ಮನಾದರು. ನಿಜವಾದ ಹುಡುಗನೂ ಇದನ್ನೇ ಹೇಳಿ ಎದ್ದು ಹೋಗುತ್ತಾನೆ. ನಾನು ಸುತ್ತನ್ನು ಅಲ್ಲಿಗೇ ನಿಲ್ಲಿಸಿ, ಕುರ್ಚಿ ಸರಿದದ್ದನ್ನು ಎಲ್ಲರಿಗೂ ತೋರಿಸಿ, ಅದೇ ಚೀಟಿಯೊಂದಿಗೆ ಮತ್ತೆ ಮೊದಲಿನಿಂದ ಶುರುಮಾಡಿಸಿದೆ.

ಎರಡನೆಯ ಸುತ್ತಿನಲ್ಲಿ ಹೇಳಿಕೊಡಬೇಕಾದದ್ದು ಒಂದು ಪ್ರಶ್ನೆ: ‘ಸೇದಿದಾಗ ನಿನಗೆ ಎಂತ ಒಳ್ಳೆಯದಾಗುತ್ತದೆ?’ ಇದು ಪ್ರೋತ್ಸಾಹ ಕೊಟ್ಟಂತಾಗುವುದಿಲ್ಲವೇ ಎಂದು ಪ್ರತಿ ತರಬೇತಿಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಆಗುವುದಿಲ್ಲ. ಅವನು ಏನನ್ನು ಹುಡುಕಿಕೊಂಡು ಹೊಗೆಯ ಬಳಿಗೆ ಹೋದನೆಂದು ತಿಳಿಯದೆ ಅದರ ಬದಲಿಗೆ ಏನನ್ನು ಕೊಡಬಹುದೆಂದು ತಿಳಿಯಲಾಗದು. ಮೇಲಿನ ಅಭ್ಯಾಸದಲ್ಲಿಯೇ, ‘ಬೋಟಿನಿಂದ ಇಳಿದ ಮೇಲೂ ತಲೆಯೊಳಗೆ ಎಂಜಿನ್ ಓಡುತ್ತಿರುತ್ತದೆ, ಸೇದಿದರೆ ನಿಲ್ಲುತ್ತದೆ’ ಎಂಬ ಉತ್ತರ ಬಂತು. ಇಷ್ಟಾದ ಮೇಲೆ ‘ಮತ್ತೆ ಇಷ್ಟವಾಗದ್ದು ಎಂತ ಉಂಟು?’ ಎಂದು ಕೇಳಿದರೆ, ಹಣದ ಲೆಕ್ಕ, ಅಮ್ಮನ ಅಳು, ತಪ್ಪಿಹೋದ ಕೆಲಸ ಎಲ್ಲವೂ ಅವನ ಬಾಯಿಂದಲೇ ಬರುತ್ತವೆ. ಕಾರ್ಯಕರ್ತೆ ಹೇಳಬೇಕೆಂದಿದ್ದ ಉಪದೇಶವೆಲ್ಲ ಅಲ್ಲಿರುತ್ತದೆ, ಆದರೆ ಅದೀಗ ಅವನದೇ ಮಾತಾಗಿರುತ್ತದೆ. ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಮುಂದೆ ಸ್ಟೀಫನ್ ರೋಲ್ನಿಕ್ ಜೊತೆಗೂಡಿ ಬೆಳೆಸಿದ ಪ್ರೇರಣಾತ್ಮಕ ಸಂದರ್ಶನವೆಂಬ ವಿಧಾನದ ತಿರುಳು ಇದೇ: ಬದಲಾಗಬೇಕಾದ ಕಾರಣವನ್ನು ಬದಲಾಗಬೇಕಾದವನೇ ಹೇಳಬೇಕು.

ಮೂರನೆಯ ಸುತ್ತಿನಲ್ಲಿ ಸುಮ್ಮನಿರುವುದನ್ನು ಕಲಿಸಬೇಕು. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು. ಹೆಚ್ಚಿನವರು ಮೂರಕ್ಕೇ ಬಾಯಿ ತೆರೆಯುತ್ತಾರೆ, ಆದ್ದರಿಂದ ಗಮನಿಸುವವರು ಬೆರಳು ಮಡಚಿ ಎಣಿಸುವುದು ಒಳ್ಳೆಯದು. ನಂತರ ಅವನು ಹೇಳಿದ್ದನ್ನೇ ಅವನಿಗೆ ಮರಳಿ ಹೇಳುವುದು: ‘ನಿದ್ದೆಗೆ ಅದು ಬೇಕು ಅನ್ನಿಸುತ್ತದೆ, ಅಮ್ಮ ಅಳುವುದನ್ನು ನೋಡಲಿಕ್ಕೂ ಆಗುವುದಿಲ್ಲ.’ ಇಲ್ಲಿ ‘ಆದರೆ’ ಎಂಬ ಪದ ನುಸುಳಿದರೆ ಮೊದಲರ್ಧ ಅಳಿಸಿಹೋಗುತ್ತದೆ. ಮಾಹಿತಿ ಕೊಡಬೇಕೆನಿಸಿದರೆ ಮೊದಲು ‘ನನಗೆ ಗೊತ್ತಿರುವ ಒಂದು ವಿಷಯ ಹೇಳಬಹುದಾ?’ ಎಂದು ಅನುಮತಿ ಕೇಳಬೇಕು. ಕೊನೆಗೆ, ಬಿಡಬಲ್ಲೆನೆಂಬ ಧೈರ್ಯ ಹತ್ತರಲ್ಲಿ ಎಷ್ಟಿದೆ ಎಂದು ಕೇಳಬೇಕು. ಅವನು ‘ನಾಲ್ಕು’ ಎಂದರೆ ‘ಯಾಕೆ ಎಂಟಲ್ಲ?’ ಎಂದು ಕೇಳಿದರೆ ಸೋಲಿನ ಪಟ್ಟಿ ಬರುತ್ತದೆ, ‘ಯಾಕೆ ಎರಡಲ್ಲ?’ ಎಂದು ಕೇಳಿದರೆ, ಹೋದ ಮಳೆಗಾಲದಲ್ಲಿ ಹತ್ತು ದಿನ ಬಿಟ್ಟಿದ್ದೆ ಎಂಬಂಥದ್ದೇನಾದರೂ ಹೊರಬರುತ್ತದೆ, ಮತ್ತು ಮುಂದಿನ ಮಾತನ್ನು ಅಲ್ಲಿಂದಲೇ ಕಟ್ಟಬಹುದು.

ಇದೆಲ್ಲವನ್ನೂ ಮನೆಮಾತಿನಲ್ಲಿ ಅಭ್ಯಾಸ ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕದ ಕನ್ನಡದಲ್ಲಿ ಅಭ್ಯಾಸ ಮಾಡಿದವರು ತುಳು ಅಥವಾ ಬ್ಯಾರಿ ಮಾತಾಡುವ ಮನೆಯಲ್ಲಿ ಮತ್ತೆ ಹಳೆಯ ಉಪದೇಶಕ್ಕೇ ಜಾರುತ್ತಾರೆ. ‘ನಿಮ್ಮ ನಿದ್ರೆಯ ಸ್ಥಿತಿ ಹೇಗಿದೆ’ ಎನ್ನುವುದಕ್ಕಿಂತ ‘ನಿದ್ರೆ ಬರ್ಪುಂಡಾ?’ (ನಿದ್ದೆ ಬರುತ್ತದಾ?) ಎಂಬ ತುಳುವಿನ ಒಂದು ಮಾತು ಸಾಕು.

ಪ್ರಶ್ನಾವಳಿ

ಎರಡನೆಯ ದಿನ ಮಾದಕ ವಸ್ತು ಬಳಕೆಯ ಅಪಾಯ ಎಷ್ಟೆಂದು ಅಂಕಗಳಲ್ಲಿ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಅಸಿಸ್ಟ್ ಪ್ರಶ್ನಾವಳಿಯನ್ನು ಹೇಳಿಕೊಡಬೇಕು. ಎಂಟು ಪ್ರಶ್ನೆಗಳು, ಐದರಿಂದ ಹತ್ತು ನಿಮಿಷ. ಗಾಂಜಾಕ್ಕೆ 3ರವರೆಗಿನ ಅಂಕ ಕಡಿಮೆ ಅಪಾಯ, 4ರಿಂದ 26 ಮಧ್ಯಮ, 27 ಮತ್ತು ಮೇಲ್ಪಟ್ಟು ಹೆಚ್ಚಿನ ಅಪಾಯ. ಮಧ್ಯಮದವರಿಗೆ ಮೇಲೆ ಹೇಳಿದಂಥ ಸಂಕ್ಷಿಪ್ತ ಮಾತುಕತೆ ಸಾಕಾಗಬಹುದು, ಹೆಚ್ಚಿನ ಅಪಾಯದವರನ್ನು ವೈದ್ಯರ ಬಳಿಗೆ ಕಳುಹಿಸಬೇಕು. ಇದು ವಯಸ್ಕರಿಗಾಗಿ ರೂಪಿಸಿದ್ದು, ಹೈಸ್ಕೂಲಿನ ಮಕ್ಕಳಿಗೆ ಇದೇ ಅಂಕಗಳನ್ನು ಹಾಕಕೂಡದು.

ಮೂತ್ರ ಪರೀಕ್ಷೆಯ ಕಿಟ್ ಕೊಂಡು ಹಂಚಿದರೆ ಪ್ರಶ್ನಾವಳಿಯ ಶ್ರಮ ಉಳಿಯುತ್ತದೆಂದು ಕೆಲವು ಸಂಘಟಕರು ಕೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ದಿನವೂ ಸೇದುತ್ತಿದ್ದವರು ಬಿಟ್ಟು ಕೆಲವು ವಾರಗಳಾದರೂ ಮೂತ್ರದಲ್ಲಿ ಅಂಶ ಕಾಣಿಸಿಕೊಳ್ಳಬಹುದು. ನಿಜವಾಗಿ ಬಿಟ್ಟವನನ್ನು ಸುಳ್ಳುಗಾರನೆಂದು ನಿಲ್ಲಿಸಿದರೆ ಉಳಿದಿದ್ದ ವಿಶ್ವಾಸವೂ ಹೋಗುತ್ತದೆ. ಇನ್ನು, ಊಟದಲ್ಲಿ ಗುಟ್ಟಾಗಿ ಬೆರೆಸಿದರೆ ಎಲ್ಲ ಚಟವೂ ಬಿಟ್ಟುಹೋಗುತ್ತದೆಂದು ಮಾರುವ ಪುಡಿಗಳನ್ನು ಮನೆಯವರು ತಂದಿದ್ದರೆ ನಿಲ್ಲಿಸಲು ಹೇಳಬೇಕು. ಗಾಂಜಾ ಬಿಡಿಸಲೆಂದೇ ಅನುಮೋದನೆ ಪಡೆದ ಔಷಧ ಈವರೆಗೆ ಇಲ್ಲ, ಮತ್ತು ವ್ಯಕ್ತಿಗೆ ತಿಳಿಯದಂತೆ ಏನನ್ನು ಕೊಟ್ಟರೂ ಅದು ಅಪಾಯ.

ಮೊದಲ ವಾರಕ್ಕೆ ಸಿದ್ಧತೆ

ಬಿಡಲು ಒಪ್ಪಿದವನಿಗೆ ಮುಂದೇನಾಗುತ್ತದೆಂದು ಹೇಳಿಕೊಡುವುದನ್ನು ಕಾರ್ಯಕರ್ತರು ಬಾಯಿಪಾಠವಾಗುವಷ್ಟು ಅಭ್ಯಾಸ ಮಾಡಬೇಕು. ಬಿಟ್ಟ ಒಂದೆರಡು ದಿನಗಳಲ್ಲಿ ಸಿಡುಕು, ಚಡಪಡಿಕೆ, ಹಸಿವಿಲ್ಲದಿರುವುದು, ನಿದ್ದೆಗೇಡು ಶುರುವಾಗುತ್ತವೆ. ಮೊದಲ ವಾರದೊಳಗೆ ತೀವ್ರವಾಗಿ, ಸಾಮಾನ್ಯವಾಗಿ ಎರಡು ವಾರಗಳಲ್ಲಿ ಇಳಿಯುತ್ತವೆ. ವಿಚಿತ್ರ ಕನಸುಗಳು ಮತ್ತು ನಿದ್ದೆಯ ತೊಂದರೆ ಇನ್ನೂ ಕೆಲವು ದಿನ ಉಳಿಯಬಹುದು. ಇದು ಮೊದಲೇ ಗೊತ್ತಿಲ್ಲದವನು ಮೂರನೆಯ ರಾತ್ರಿ ‘ನನಗೆ ಇದಿಲ್ಲದೆ ಆಗುವುದೇ ಇಲ್ಲ’ ಎಂದುಕೊಂಡು ಮತ್ತೆ ಸೇದುತ್ತಾನೆ. ಮನೆಯವರಿಗೂ, ಅವನ ಒಪ್ಪಿಗೆ ಪಡೆದು, ಈ ವಾರ ಅವನು ಸಿಡುಕಿದರೆ ಜಗಳಕ್ಕೆ ಹೋಗಬೇಡಿ ಎಂದು ತಿಳಿಸಬೇಕು. ಮೆಡಿಕಲ್ ಅಂಗಡಿಯಿಂದ ತಾವಾಗಿ ನಿದ್ದೆ ಮಾತ್ರೆ ತರುವುದು ಖಂಡಿತ ಬೇಡ. ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂತದ್ದನ್ನು ನಾನು ನೋಡಿದ್ದೇನೆ.

ಕಳುಹಿಸುವುದು ಎಲ್ಲಿಗೆ

ಇಲ್ಲದ ದನಿ ಕೇಳುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆಂಬ ಗಟ್ಟಿ ನಂಬಿಕೆ, ಸಾಯುವ ಮಾತು ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಸೇದುವವನು ತಿಂಗಳುಗಟ್ಟಲೆ ವಾಂತಿ ಮಾಡುತ್ತಾ ಬಿಸಿನೀರ ಸ್ನಾನದಿಂದ ಮಾತ್ರ ಆರಾಮವಾಗುತ್ತದೆ ಎಂದರೆ ಅದಕ್ಕೂ ಗಾಂಜಾವೇ ಕಾರಣವಿರಬಹುದು, ವೈದ್ಯರಿಗೆ ಮುಚ್ಚಿಡಬಾರದು. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇವೆ. ಫೋನಿನಲ್ಲಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಚೀಟಿ ಬರೆದು ಕೈಗಿಟ್ಟರೆ ಬಹಳ ಮಂದಿ ಹೋಗುವುದಿಲ್ಲ, ಮೊದಲ ಸಲ ಜೊತೆಯಲ್ಲಿ ಹೋಗಬೇಕು.

ತಿಂಗಳ ನಂತರದ ಅರ್ಧ ದಿನ

ಈ ಅರ್ಧ ದಿನವನ್ನು ಖರ್ಚು ಉಳಿಸಲೆಂದು ಕೈಬಿಡುವ ಸಂಘಟಕರಿಗೆ, ಬೇಕಿದ್ದರೆ ಉದ್ಘಾಟನೆಯ ಹಾರ ಮತ್ತು ನೆನಪಿನ ಕಾಣಿಕೆಯನ್ನು ಕೈಬಿಡಿ ಎಂದು ನಾನು ಹೇಳುತ್ತೇನೆ. ಪ್ರತಿಯೊಬ್ಬರೂ ತಾವು ನಡೆಸಿದ ಒಂದು ಮಾತುಕತೆಯನ್ನು, ಹೆಸರು ಊರು ಬಿಟ್ಟು, ನೆನಪಿದ್ದಷ್ಟು ಬರೆದು ತರಬೇಕು. ತಪ್ಪಿದ ಮಾತುಕತೆಗಳನ್ನು ಮೊದಲು ಓದಿಸಬೇಕು, ಮೂವರ ಗುಂಪಿನಲ್ಲಿ ಅದೇ ಸನ್ನಿವೇಶವನ್ನು ಮತ್ತೆ ಆಡಿಸಬೇಕು. ಬಿಟ್ಟು ಮತ್ತೆ ಶುರುಮಾಡಿದವರ ಬಗ್ಗೆ ಕಾರ್ಯಕರ್ತರು ತಾವು ಸೋತೆವೆಂದು ತಲೆ ತಗ್ಗಿಸಿ ಹೇಳುತ್ತಾರೆ. ಆಗ ಕೇಳಬೇಕಾದದ್ದು, ‘ಅವನು ಎಷ್ಟು ದಿನ ಬಿಟ್ಟಿದ್ದ, ಆ ದಿನಗಳಲ್ಲಿ ಸಂಜೆ ಏನು ಮಾಡುತ್ತಿದ್ದ?’ ಎಂದು. ಮಲ್ಪೆಯ ಆ ಕಾರ್ಯಕರ್ತೆ ತಂದಿದ್ದ ಹಾಳೆಯಲ್ಲಿ ಹನ್ನೊಂದು ದಿನವೆಂದು ಬರೆದಿತ್ತು. ಕೆಳಗೆ, ಸಂಜೆ ಚಿಕ್ಕಪ್ಪನ ಜೊತೆ ಬಲೆ ಹೆಣೆಯುತ್ತಿದ್ದ, ಮುಂದಿನ ಮಂಗಳವಾರ ಮತ್ತೆ ಬರುತ್ತೇನೆ ಅಂದಿದ್ದಾನೆ ಎಂದಿತ್ತು.