ಬಟವಾಡೆ ಮೊದಲು, ದಶಮಾಂಶ ಆಮೇಲೆ

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಬ್ರಿಟಿಷರ ಕಾಲದಲ್ಲಿ ಕಂಟೋನ್ಮೆಂಟಿನ ಸಿಪಾಯಿಗಳಿಗೆ ಬಟ್ಟೆ ಹೊಲಿದ ದರ್ಜಿಗಳ ಊರಿದು. ಆ ಕಸುಬೇ ಆಮೇಲೆ ಜೀನ್ಸಿಗೆ ತಿರುಗಿತು. ನಾನು ಮಾಡುವುದು ಜಾಬ್ ವರ್ಕ್. ಬಟ್ಟೆ ವ್ಯಾಪಾರಿಯದು, ಹೊಲಿಗೆ ನಮ್ಮದು. ಕತ್ತರಿಸಿದ ಬಂಡಲ್ ಜೊತೆ ಒಂದು ಚೀಟಿ ಬರುತ್ತದೆ, ಯಾವ ಸೈಜು ಎಷ್ಟು ಪೀಸು ಅಂತ. ವಾಪಸ್ ಕೊಡುವಾಗ ಒಂದು ಪೀಸು ಕಮ್ಮಿ ಬಂದರೂ ಲೆಕ್ಕ ಒಪ್ಪಿಸಬೇಕು. ದೇವರು ಕೊಟ್ಟ ಸಂಪತ್ತು ಅಂದರೆ ನನ್ನ ತಲೆಗೆ ಬರುವುದು ಈ ಚೀಟಿಯೇ. ಮಷಿನ್ ಓಡಿಸುವವನು ನಾನು, ಮಾಲು ನನ್ನದಲ್ಲ.

ಐಶ್ವರ್ಯ ಗಳಿಸುವ ಶಕ್ತಿ ಕೊಡುವವನು ದೇವರೇ ಅಂತ ಬೈಬಲಿನ ಧರ್ಮೋಪದೇಶಕಾಂಡ 8:18ರಲ್ಲಿದೆ. ಇದನ್ನು ಹಿಡಿದುಕೊಂಡು, ಕಾಣಿಕೆ ಹಾಕಿದರೆ ನೂರು ಪಟ್ಟು ವಾಪಸ್ ಬರುತ್ತದೆ ಅಂತ ಬೋಧಿಸುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಬ್ಬಿಣದ ಅದಿರಿನ ದುಡ್ಡು ಹರಿದ ಕಾಲವನ್ನು ನೋಡಿದ ಊರು ನಮ್ಮದು. ಆಗ ದೊಡ್ಡ ಕಾರು ಬಂದವರಿಗೆಲ್ಲ ಆಶೀರ್ವಾದವೇ ಬಂದಿತ್ತು! 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು. ಅವತ್ತು ದೇವರು ಆಶೀರ್ವಾದ ವಾಪಸ್ ತಗೊಂಡನಾ? ದುಡ್ಡು ಬಂತು ಅಂದ ಮಾತ್ರಕ್ಕೆ ಮೇಲಿನವನು ಮೆಚ್ಚಿದ ಅಂತಲ್ಲ. ಬಂದದ್ದನ್ನು ಏನು ಮಾಡಿದೆ ಅನ್ನೋದು ಅವನ ಪ್ರಶ್ನೆ.

ನಮ್ಮ ಕಸುಬಿನಲ್ಲಿ ಆ ಪ್ರಶ್ನೆ ಪ್ರತಿ ಶನಿವಾರ ಬರುತ್ತದೆ. ಶನಿವಾರ ಬಟವಾಡೆ, ಕೂಲಿ ಹಂಚುವ ದಿನ. ಕೆಲಸದವರಿಗೆ ಪೀಸ್ ರೇಟ್, ಪೀಸಿಗೆ ಇಷ್ಟು ಅಂತ. ಜಿಪ್ ಕೂರಿಸುವವರಿಗೆ ಒಂದು ರೇಟು, ಬೆಲ್ಟ್ ಪಟ್ಟಿ ಹಚ್ಚುವವರಿಗೆ ಇನ್ನೊಂದು. ಅವರು ವಾರಕ್ಕೆ ಕೇಳುತ್ತಾರೆ, ವ್ಯಾಪಾರಿ ತಿಂಗಳುಗಟ್ಟಲೆ ಎಳೆಯುತ್ತಾನೆ. ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಇದೆ. ಅದನ್ನು ತೋರಿಸಿ ಜಗಳಕ್ಕೆ ನಿಂತರೆ ಮುಂದಿನ ಲಾಟ್ ಪಕ್ಕದ ಯೂನಿಟ್‌ಗೆ ಹೋಗುತ್ತದೆ, ಅಷ್ಟೇ.

ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವ ತನಕ ನಿನ್ನ ಹತ್ತಿರ ಇರಬಾರದು ಅನ್ನುತ್ತದೆ ಯಾಜಕಕಾಂಡ 19:13. ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅನ್ನುತ್ತಾನೆ ಯಾಕೋಬ, ಬೈಬಲಿನ ತನ್ನ ಪತ್ರದಲ್ಲಿ. ಹಾಗಾಗಿ ನನ್ನ ಲೆಕ್ಕದ ಪುಸ್ತಕದಲ್ಲಿ ಮೊದಲ ಗೆರೆ ಬಟವಾಡೆ. ಆಮೇಲೆ ದಾರ, ಕರೆಂಟು, ಬಾಡಿಗೆ. ಉಳಿದದ್ದರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ ದಶಮಾಂಶ, ಸಭೆಗೆ, ನಮ್ಮ ಚರ್ಚಿಗೆ. ಮನೆ ಖರ್ಚು ಕೊನೆಗೆ. ಪ್ರಥಮ ಫಲ ದೇವರಿಗಲ್ವಾ, ದಶಮಾಂಶ ಮೊದಲು ತೆಗೀಬೇಕಲ್ವಾ ಅಂತ ಸಭೆಯ ಹಿರಿಯರೊಬ್ಬರು ಕೇಳಿದರು. ಕೆಲಸದವರ ಕೂಲಿ ನನ್ನ ಆದಾಯವೇ ಅಲ್ಲವಲ್ಲ, ನನ್ನ ಕೈದಾಟಿ ಹೋಗುವ ಅವರ ದುಡ್ಡು ಅಂದೆ. ಅದರಲ್ಲಿ ಕಾಣಿಕೆ ಕೊಟ್ಟರೆ ಬೇರೆಯವರ ಜೇಬಿನಿಂದ ಕೊಟ್ಟ ಹಾಗೆ. ಹಿರಿಯರು ಪೂರ್ತಿ ಒಪ್ಪಲಿಲ್ಲ.

ಆದರೆ ಗೆರೆ ಎಳೆದ ಮಾತ್ರಕ್ಕೆ ದುಡ್ಡು ಬರುವುದಿಲ್ಲ. ಇಲ್ಲಿ ನನಗೆ ದಾರಿ ತೋರಿಸಿದವನು ಬೈಬಲಿನ ಯೋಸೇಫ. ಸುಭಿಕ್ಷದ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲು ಮುಂದಿನ ಬರಕ್ಕೆ ಎತ್ತಿಡಿ ಅಂತ ಅವನು ಈಜಿಪ್ಟಿನ ದೊರೆ ಫರೋಹನಿಗೆ ಹೇಳಿದ್ದು ಆದಿಕಾಂಡ 41ರಲ್ಲಿದೆ. ನಮಗೂ ಸುಗ್ಗಿ, ಬರ ಎರಡೂ ಉಂಟು. ರಂಜಾನ್, ದಸರಾ, ದೀಪಾವಳಿ ಮುಂದಿದ್ದರೆ ರಾತ್ರಿ ಪಾಳಿಯೂ ಸಾಲದು. ಹಬ್ಬ ಮುಗಿದರೆ ಮಷಿನ್ ಮೇಲೆ ಧೂಳು. ಅದಕ್ಕೇ ಸೀಸನ್‌ನಲ್ಲಿ ಲಕ್ಷ ರೂಪಾಯಿ ಬಂದರೆ 20 ಸಾವಿರ ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಗೆ ಎಟಿಎಂ ಕಾರ್ಡೇ ತಗೊಂಡಿಲ್ಲ, ಫೋನಿನಲ್ಲೂ ಜೋಡಿಸಿಲ್ಲ. ಬ್ಯಾಂಕಿಗೆ ಹೋಗಿ ಸ್ಲಿಪ್ ಬರೆದೇ ತೆಗೀಬೇಕು. ಬಟವಾಡೆ ಬಿಟ್ಟು ಇನ್ಯಾವುದಕ್ಕೂ ಅದನ್ನು ಮುಟ್ಟುವುದಿಲ್ಲ. ಹೊಸ ಓವರ್‌ಲಾಕ್ ಮಷಿನ್ ತಗೋಬೇಕು ಅನಿಸಿದರೂ ಅದರಿಂದಲ್ಲ. ಬೆಳೆ ಜಾಸ್ತಿ ಬಂತೆಂದು ಹಳೇ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಸಾಹುಕಾರನ ಕಥೆಯನ್ನು ಯೇಸು ಹೇಳಿದ್ದಾನಲ್ಲ. ಅವನೂ ಕೂಡಿಡುವವನೇ, ಯೋಸೇಫನೂ ಕೂಡಿಡುವವನೇ. ಒಬ್ಬ ತನಗೆ, ಇನ್ನೊಬ್ಬ ಊರಿಗೆ.

ಜೂನ್ ಬಂದರೆ ಕೆಲಸದವರು ಅಡ್ವಾನ್ಸ್ ಕೇಳುತ್ತಾರೆ. ಮಕ್ಕಳ ಫೀಸು, ಪುಸ್ತಕ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಹಾಕಬೇಡ ಅಂತ ವಿಮೋಚನಕಾಂಡದಲ್ಲಿ ಇರುವುದರಿಂದ ಬಡ್ಡಿ ತಗೊಳ್ಳುವುದಿಲ್ಲ. ವಾರ ವಾರ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುತ್ತೇನೆ. ಬಡ್ಡಿಗಿಂತ ಕೆಟ್ಟದ್ದು ಇನ್ನೊಂದಿದೆ: ಬಾಕಿ ತೋರಿಸಿ ಕೆಲಸದವರನ್ನು ಕಟ್ಟಿಹಾಕುವುದು. ಜೀತ ಪದ್ಧತಿ ರದ್ದತಿ ಕಾನೂನು 1976ರದ್ದು, ಆದರೂ ಈ ಚಾಳಿ ಹೋಗಿಲ್ಲ. ಬೇರೆ ಕಡೆ ಒಳ್ಳೆ ರೇಟು ಸಿಕ್ಕರೆ ನಮ್ಮವರು ಬಾಕಿ ಇಟ್ಟುಕೊಂಡೇ ಹೋಗಬಹುದು. ಹೋದವರಲ್ಲಿ ಕೆಲವರು ತಂದು ಕೊಟ್ಟರು, ಕೆಲವರು ಕೊಡಲಿಲ್ಲ. ಬಾರದ ದುಡ್ಡನ್ನು ದಾನದ ಲೆಕ್ಕಕ್ಕೆ ಬರೆಯೋಣ ಅಂದೆ. ಲೆಕ್ಕ ನೋಡುವವಳು ನನ್ನ ಹೆಂಡತಿ. 'ಕೊಡಬೇಕು ಅಂತ ಕೊಟ್ಟಿದ್ದಲ್ಲ ಅದು, ನಷ್ಟ ಅಂತಲೇ ಬರೀರಿ' ಅಂದಳು. ಹಾಗೇ ಬರೆದಿದ್ದೇವೆ.